ಬಾಣಂತನ ಮಾಡಿದ ಪಕ್ಕದ ಮನೆ ಕಾಕುಗೆ ಏನು ಕೊಟ್ಟರೆ ಸರಿ?

ನವನಗರದವಳು:

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ನವನಗರದವಳು. ನಮ್ಮ ಅವ್ವ ತೀರಿಕೊಂಡು ಬಹಳ ವರ್ಷ ಆಯಿತು. ಹೋದ ವರ್ಷ ಮಗಳು ಹುಟ್ಟಿದಾಗ ನನ್ನ ಬಾಣಂತನ ಮಾಡಿದ್ದು ಪಕ್ಕದ ಮನೆ ಕಾಕು. ರಕ್ತಸಂಬಂಧ ಏನೂ ಇಲ್ಲ. ನಸುಕಿನಲ್ಲಿ ಎದ್ದು ಹಂಡೆಗೆ ನೀರು ಕಾಯಿಸಿ, ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದರು. ಆಮೇಲೆ ನನಗೆ ಎರೆಯುತ್ತಿದ್ದರು. ಅಂಟಿನ ಉಂಡಿ ಕಟ್ಟಿದರು, ಅಜವಾನದ ಹೊಗೆ ಹಾಕಿದರು. ರಾತ್ರಿ ಕೂಸು ಅತ್ತರೆ ಗೋಡೆಯ ಆ ಕಡೆಯಿಂದ ಎದ್ದು ಬರುತ್ತಿದ್ದರು. ನನಗೆ ತವರು ಅಂದರೆ ಅವರೇ.

ಬರುವ ತಿಂಗಳು ಮಗಳ ಜವಳ, ಅಂದರೆ ಮೊದಲ ಸಲ ಕೂದಲು ತೆಗೆಸುವ ಕಾರ್ಯ, ಇಟ್ಟುಕೊಂಡಿದ್ದೇವೆ. ಆ ದಿನ ಕಾಕುಗೆ ಚೆನ್ನಾಗಿ ಆಯೇರಿ ಮಾಡಬೇಕು ಅಂತ ಆಸೆ. ನಮ್ಮ ಮನೆಯವರು ಪಾಕೀಟಿನಲ್ಲಿ ರೊಕ್ಕ ಹಾಕಿ ಕೊಡೋಣ, ಅವರಿಗೆ ಬೇಕಾದ್ದು ಅವರೇ ತಗೊಳ್ಳಲಿ ಅನ್ನುತ್ತಾರೆ. ನನಗೆ ಅದು ಕೂಲಿ ಕೊಟ್ಟ ಹಾಗೆ ಕಾಣುತ್ತದೆ. ಬಾಣಂತನ ಮುಗಿದಾಗಲೇ ನಮ್ಮ ಅತ್ತೆ ರೊಕ್ಕದ ಮಾತು ಎತ್ತಿದ್ದರು. "ನಾ ಏನ್ ಕೂಲಿಯಾಕೀನ ಅಕ್ಕಾರ?" ಅಂದು ಕಾಕು ಎದ್ದು ಹೋಗಿದ್ದರು.

ಇನ್ನೊಂದು ತೊಡಕು ಇದೆ. ಏನು ಕೊಟ್ಟರೂ ಅದಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ. ಒಂದು ಬಟ್ಟಲು ಪಲ್ಯ ಕಳಿಸಿದರೆ ಅದೇ ಬಟ್ಟಲ ತುಂಬ ಶೇಂಗಾ ಹಿಂಡಿ ಬರುತ್ತದೆ. ಏನಾದರೂ ದೊಡ್ಡದು ಕೊಟ್ಟರೆ ಅವರಿಗೆ ಋಣದ ಭಾರ ಆಗುತ್ತದೋ ಏನೋ ಅಂತ ಅಳುಕು.

ಕಾಕುಗೆ ಅರವತ್ತು ದಾಟಿದೆ. ಕಾಕಾ ತೀರಿಕೊಂಡಿದ್ದಾರೆ. ಮಗ ಪುಣೆಯಲ್ಲಿದ್ದಾನೆ. ಹಳೇ ಊರಿನ ಮನೆ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದವರು. ನಮ್ಮ ಕೈಯಲ್ಲಿ ಐದಾರು ಸಾವಿರದವರೆಗೆ ಆಗುತ್ತದೆ. ಏನು ಕೊಡಲಿ, ಹೇಗೆ ಕೊಡಲಿ, ಎರಡೂ ಹೇಳಿ.

ಕಿಲ್ಲಾ ಓಣಿ:

ಬೆಳ್ಳಿ ಸಾಮಾನು ಕೊಡಿ ಅಕ್ಕಾ. ಒಂದು ಚಿಕ್ಕ ದೀಪ ಅಥವಾ ಲೋಟ. ಯಾವಾಗ ಇದ್ದರೂ ಬೆಲೆ ಇರುತ್ತದೆ. ಸೀರೆ ಎಲ್ಲರೂ ಕೊಡುತ್ತಾರೆ, ಟ್ರೇಜರಿ ಕಪಾಟಿನಲ್ಲಿ ಹತ್ತು ಬಿದ್ದಿರುತ್ತವೆ. ಸ್ಟೀಲ್ ಡಬ್ಬಿ ಸೆಟ್‌ಗೆ ಮಗುವಿನ ಹೆಸರು ಕೊರೆಸಿ ಕೊಡುವುದೂ ಚೆನ್ನಾಗಿರುತ್ತದೆ.

ಮಗ್ಗದ ಮನೆ, ಇಳಕಲ್:

ತಂಗೀ, ನಿನ್ನ ಬರಹ ಓದಿ ಬಹಳ ಹೊತ್ತು ನಿನ್ನ ಕಾಕು ಬಗ್ಗೆಯೇ ಯೋಚನೆ ಮಾಡಿದೆ. ನಾನು ಇಳಕಲ್‌ನವಳು. ಹುಟ್ಟಿದ್ದೂ ನೇಕಾರರ ಮನೆ, ಸೊಸೆಯಾಗಿ ಬಂದದ್ದೂ ನೇಕಾರರ ಮನೆ. ಸಣ್ಣವಳಿದ್ದಾಗ ಕಂಡಿಕೆ ಸುತ್ತುತ್ತಿದ್ದೆ. ಈಗ ನಮ್ಮದೇ ಅಂಗಡಿಯಲ್ಲಿ ಕೂತು ಸೀರೆ ಮಾರುತ್ತೇನೆ. ಇನ್ನೊಬ್ಬರಿಗೆ ಕೊಡಲು ಸೀರೆ ಹುಡುಕಿ ಬರುವವರನ್ನು ದಿನಾ ನೋಡುತ್ತೇನೆ. ಬಂದವರು ಮೊದಲು ಹೇಳುವ ಮಾತು ಒಂದೇ. "ಇಷ್ಟು ರೊಕ್ಕದಾಗ ಛಂದ ಕಾಣೂದು ತೋರಸ್ರಿ." ಉಡುವವರು ಯಾರು, ಎಷ್ಟು ವಾರಿ ಉಡುತ್ತಾರೆ, ದಿನಾ ಏನು ಉಡುತ್ತಾರೆ ಅಂತ ನಾನು ಕೇಳಿದರೆ ಅರ್ಧ ಜನ ಸುಮ್ಮನಾಗುತ್ತಾರೆ. ಸ್ವಂತ ಅತ್ತೆ ಉಡುವುದು ಆರು ವಾರಿಯೋ ಒಂಬತ್ತು ವಾರಿಯೋ ಗೊತ್ತಿರುವುದಿಲ್ಲ. ಒಂಬತ್ತು ವಾರಿ ಕಚ್ಚೆ ಹಾಕುವವರಿಗೆ ಆರು ವಾರಿ ಕೊಟ್ಟರೆ ಅವರು ಅದನ್ನು ಮುಂದಿನ ಲಗ್ನಕ್ಕೆ ಯಾರಿಗೋ ಆಯೇರಿ ಮಾಡುತ್ತಾರೆ. ಹೀಗೆ ನಮ್ಮ ಕಡೆ ಎಷ್ಟೋ ಸೀರೆಗಳು ಒಮ್ಮೆಯೂ ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ.

ಕಿಲ್ಲಾ ಓಣಿ ತಮ್ಮಾ ಹೇಳಿದ್ದು ನಿಜ, ಟ್ರೇಜರಿಯಲ್ಲಿ ಹತ್ತು ಬಿದ್ದಿರುತ್ತವೆ. ಆದರೆ ಅದು ಸೀರೆಯ ತಪ್ಪಲ್ಲ. ನೋಡದೆ ಕೊಟ್ಟದ್ದರ ತಪ್ಪು. ಬೆಳ್ಳಿ ದೀಪವೂ ಹಾಗೇ ಒಳಗೆ ಹೋಗುತ್ತದೆ, ಕಳುವಿನ ಹೆದರಿಕೆ ಬೇರೆ. ಒಬ್ಬರೇ ಇರುವ ಹೆಂಗಸಿಗೆ ಕಾಯಬೇಕಾದ ವಸ್ತು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಯಾವ ಅಂಗಡಿಗೂ ಹೋಗುವ ಮೊದಲು ಕಾಕು ಬಟ್ಟೆ ಒಣಹಾಕುವ ತಂತಿ ನೋಡು. ಒಂದು ವಾರ ನೋಡು. ಸೂತಿನದೋ ಸಿಂಥೆಟಿಕ್ಕೋ? ಚೌಕಳಿಯೋ, ಗೀರೋ, ಬರಿ ಒಡಲೋ? ದಡಿ ಅಗಲವೋ ಸಣ್ಣದೋ? ಯಾವ ಬಣ್ಣ ಮತ್ತೆ ಮತ್ತೆ ಬರುತ್ತದೆ? ತಂತಿಯ ಮೇಲೆ ಇರುವುದೇ ಅವರಿಗೆ ನಿಜವಾಗಿ ಇಷ್ಟವಾದದ್ದು. ಬಾಯಿಬಿಟ್ಟು ಕೇಳಿದರೆ "ನನಗೇನೂ ಬ್ಯಾಡವಾ" ಅಂತಾರೆ ಅಲ್ವಾ?

ಇನ್ನೊಂದು ಮಾತು, ಸ್ವಲ್ಪ ನಾಜೂಕಿನದು. ಕಾಕಾ ಇಲ್ಲ ಅಂತ ಬರೆದಿದ್ದೀಯ. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಗಂಡ ಇಲ್ಲದ ಹೆಣ್ಣುಮಕ್ಕಳನ್ನು ಉಡಿ ತುಂಬುವ ಹೊತ್ತಿಗೆ ಹಿಂದೆ ಕೂರಿಸುತ್ತಾರೆ. ಎಷ್ಟೋ ಸಲ ಅವರೇ ಎದ್ದು ಅಡುಗೆಮನೆ ಸೇರಿಬಿಡುತ್ತಾರೆ. ಕೂಸನ್ನು ದಿನಾ ಎರೆದ ಹೆಣ್ಣುಮಗಳು ಜವಳದ ದಿನ ಒಲೆ ಮುಂದೆ ಹೋಳಿಗೆ ಬೇಯಿಸುತ್ತ ಕೂತರೆ ನನಗಂತೂ ಸಂಕಟ ಆಗುತ್ತದೆ. ಹಾಗಂತ ನಾಲ್ಕು ಮಂದಿ ಮುಂದೆ ಏಕದಂ ಕರೆದು ಉಡಿ ತುಂಬಲು ಹೋಗಬೇಡ. ಅವರಿಗೆ ಮುಜುಗರ ಆಗಬಹುದು, ಯಾರಾದರೂ ಹಿರಿಯರು ಏನಾದರೂ ಅಂದರೆ ಆ ಗಾಯ ಜನ್ಮಪೂರ್ತಿ ಇರುತ್ತದೆ. ಮೊದಲೇ ಅವರ ಮನೆಗೆ ಹೋಗಿ ಇಬ್ಬರೇ ಇದ್ದಾಗ ಕೇಳು. "ಕಾಕು, ನೀವು ಮುಂದ ಕೂಡಬೇಕು, ನಾ ಉಡಿ ತುಂಬತೀನಿ" ಅನ್ನು. ಒಪ್ಪಿದರೆ ಅತ್ತೆಗೂ ಮೊದಲೇ ಹೇಳಿಟ್ಟಿರು. ಒಪ್ಪದಿದ್ದರೆ ಒತ್ತಾಯ ಬೇಡ, ಬೇರೆ ದಾರಿ ಇದೆ. ಕೂದಲು ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಇರುತ್ತದೆ. ಅದಾದ ಮೇಲೆ ಕೂಸಿಗೆ ಎರೆಯಲೇಬೇಕು. ಆ ಎರೆಯುವ ಕೆಲಸ ಕಾಕುಗೇ ಕೊಡು. ಹಸಿ ಮೈಯ ಕೂಸನ್ನು ಅವರು ಒರೆಸಿ ಎತ್ತಿಕೊಂಡು ಬಂದಾಗ ಅಲ್ಲೇ, ಕೂಸಿನ ಕೈ ಮುಟ್ಟಿಸಿ ಸೀರೆ ಕೊಡು. ಅದನ್ನು ಯಾರೂ ಕೂಲಿ ಅನ್ನುವುದಿಲ್ಲ, ಬೇಡ ಅನ್ನಲು ಕಾಕುಗೂ ಬಾಯಿ ಬರುವುದಿಲ್ಲ.

ಬಣ್ಣದ ವಿಷಯದಲ್ಲೂ ನೀನೇ ತೀರ್ಮಾನ ಮಾಡಬೇಡ. ಗಂಡ ಹೋದವರಿಗೆ ಬೂದು, ಬಿಳಿ ಅಂತ ಅಂಗಡಿಯಲ್ಲಿ ತಾವೇ ಆರಿಸುವವರನ್ನು ಕಂಡಾಗ ನನಗೆ ಬೇಜಾರಾಗುತ್ತದೆ. ನಮ್ಮಲ್ಲಿಗೆ ಬರುವ ಎಷ್ಟೋ ವಯಸ್ಸಾದವರು ಕೆಂಪು ಸೆರಗನ್ನು ಬಿಟ್ಟಿಲ್ಲ. ಕೆಲವರು ಹಸಿರು ಮಾತ್ರ ಬೇಡ ಅನ್ನುತ್ತಾರೆ, ಅದು ಬಸುರಿಗೆ ಮಾಡುವ ಕುಬಸದ ಬಣ್ಣ ಅಂತ. ಇನ್ನು ಕೆಲವರು ಅದನ್ನೂ ಉಡುತ್ತಾರೆ. ತಂತಿ ನೋಡಿದರೆ ತಿಳಿಯುತ್ತದೆ.

ನೋಡಿ ಬಂದು ಬರೆ. ಆಮೇಲೆ ಯಾವ ಸೀರೆ ಅಂತ ಹೇಳುತ್ತೇನೆ.

ಹಳೇ ಬಾಗಲಕೋಟೆ:

ಅಕ್ಕಾರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಒಂದು ಮಾತು ಸೇರಿಸುತ್ತೇನೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದು ಹಳೇ ಊರಿನ ಮನೆಗಳು ಹೋದಾಗ ನಮ್ಮ ಮನೆಯೂ ಹೋಯಿತು. ನಮ್ಮ ಅವ್ವ ಪಾತ್ರೆ ಪಗಡಕ್ಕಿಂತ ಮೊದಲು ತಲೆಬಾಗಿಲ ಚೌಕಟ್ಟು ಕೀಳಿಸಿದರು. ಇವತ್ತಿಗೂ ನವನಗರದ ಮನೆಗೆ ಅದೇ ಬಾಗಿಲು. ಹಾಗೆ ಬಂದವರಿಗೆ ಹಳೇ ಊರಿನ ಒಂದು ಗುರುತು ಅಂದರೆ ಬಹಳ ದೊಡ್ಡದು.

ಕಾಕು ಮನೆಯಲ್ಲಿ ಹಳೇ ಫೋಟೊ ಇವೆಯಾ ನೋಡಿ. ಲಗ್ನದ್ದು, ಮನೆ ಮುಂದೆ ನಿಂತದ್ದು, ಏನಾದರೂ. ಆ ಕಾಲದ ಫೋಟೊಗಳು ಈಗ ಹಳದಿ ಆಗಿರುತ್ತವೆ, ಅಂಚು ಗೆದ್ದಲು ತಿಂದಿರುತ್ತದೆ. ಒಳ್ಳೆ ಸ್ಟುಡಿಯೊದಲ್ಲಿ ಸ್ಕ್ಯಾನ್ ಮಾಡಿಸಿ, ಕಲೆ ತೆಗೆಸಿ, ಮ್ಯಾಟ್ ಕಾಗದದ ಮೇಲೆ ದೊಡ್ಡದಾಗಿ ಮಾಡಿಸಿ. ಬಣ್ಣ ಹಾಕಿಸಬೇಡಿ. ಕಪ್ಪು ಬಿಳುಪಿನದು ಹಾಗೇ ಇರಲಿ, ಯಾರದೋ ಅಂದಾಜಿನ ಬಣ್ಣ ಹಾಕಿದರೆ ಮುಖವೇ ಬೇರೆ ಆಗುತ್ತದೆ. ಮೂಲ ಫೋಟೊ ಮಾತ್ರ ನೀವೇ ಕೈಯಲ್ಲಿ ಹಿಡಿದು ಹೋಗಿ, ಕೈಯಲ್ಲಿ ಹಿಡಿದು ತನ್ನಿ. ಬಿಟ್ಟು ಬರಬೇಡಿ.

ತಿಕೋಟಾ ರಸ್ತೆ, ವಿಜಯಪುರ:

ಏನು ಕೊಟ್ಟರೂ ಜಾಸ್ತಿ ವಾಪಸ್ ಕೊಡುತ್ತಾರೆ ಅಂದಿರಲ್ಲ, ನಮ್ಮ ಆಯಿ ಹಾಗೇ ಇದ್ದರು. ಅಂಥವರಿಗೆ ಕೊಡುವುದಕ್ಕಿಂತ ಅವರನ್ನು ಕೇಳಿದರೆ ಖುಷಿ ಜಾಸ್ತಿ. ಕಾಕು ಹತ್ತಿರ ಒಂದೆರಡು ಹಳೆ ಸೀರೆ ಕೇಳಿ ತಗೊಳ್ಳಿ. ಕೂಸಿಗೆ ಕೌದಿ ಹೊಲಿಸಿ. ಅವರಿಗೇ ಹೊಲಿಯಲು ಬಂದರೆ ಅವರೇ ಹೊಲಿಯಲಿ, ನೀವು ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಡಿ. ಹಳೆ ಸೂತಿ ಸೀರೆಯ ಕೌದಿ ನಮ್ಮ ವಿಜಯಪುರದ ಬಿಸಿಲಿಗೂ ತಂಪು, ಚಳಿಗೂ ಬೆಚ್ಚಗೆ. ಒಗೆದಷ್ಟೂ ಮೆತ್ತಗಾಗುತ್ತದೆ.

ನವನಗರದವಳು:

ಎಲ್ಲರಿಗೂ ಬಹಳ ಧನ್ಯವಾದ. ಮಗ್ಗದ ಮನೆ ಅಕ್ಕಾರು ಹೇಳಿದ ಹಾಗೆ ತಂತಿ ನೋಡಿದೆ. ಅದರ ಕೆಳಗೇ ದಿನಾ ಓಡಾಡುತ್ತಿದ್ದರೂ ಇಷ್ಟು ದಿನ ಅದು ಬರಿ ಬಟ್ಟೆ ಆಗಿತ್ತು.

ಕಾಕು ಉಡುವುದು ಆರು ವಾರಿ. ಹೆಚ್ಚಿನವು ಸೂತಿನವು, ಸಣ್ಣ ಚೌಕಳಿ, ಗಾಢ ಬಣ್ಣ. ಹಸಿರು ಒಂದೂ ಇಲ್ಲ. ಒಂದೇ ಒಂದು ಇಳಕಲ್ ಸೀರೆ ಇದೆ. ಕಡುನೀಲಿ ಒಡಲು, ಕೆಂಪು ಸೆರಗು. ಸೆರಗು ಒಂದು ಕಡೆ ಪಿಸಿದಿದೆ, ಅಲ್ಲಿ ಕೈಯಿಂದ ರಫೂ ಮಾಡಿದ್ದಾರೆ. ಸೋಮವಾರ ಗುಡಿಗೆ ಹೋಗುವಾಗ ಅದನ್ನೇ ಉಡುತ್ತಾರೆ. ಯಾರು ಕೊಟ್ಟದ್ದು ಅಂತ ಸಹಜವಾಗಿ ಕೇಳಿದೆ. "ನಮ್ಮವ್ವ ಕೊಟ್ಟದ್ದು, ಹಳೇ ಊರಾಗ ಇದ್ದಾಗ" ಅಂದರು.

ಈಗ ಇಳಕಲ್ ಸೀರೆಯೇ ಸರಿ ಅನ್ನಿಸುತ್ತಿದೆ. ಆದರೆ ಅದೇ ಕಡುನೀಲಿ ತರಲೋ? ಅವರ ಅವ್ವ ಕೊಟ್ಟದ್ದರ ಜಾಗಕ್ಕೆ ನಾನು ಇನ್ನೊಂದು ತಂದ ಹಾಗೆ ಆಗಬಾರದು. ಕಸೂತಿ ಹಾಕಿಸಲೋ? ಉಡಿ ತುಂಬುವ ಮಾತು ಇನ್ನೂ ಎತ್ತಿಲ್ಲ.

ಮಗ್ಗದ ಮನೆ, ಇಳಕಲ್:

ಶಭಾಷ್ ತಂಗೀ. ಇಷ್ಟು ತಿಳಿದ ಮೇಲೆ ಸೀರೆ ಆರಿಸುವುದು ಸುಲಭ.

ಅದೇ ಕಡುನೀಲಿ ಬೇಡ. ಅವರ ಅವ್ವನ ಸೀರೆ ಒಂದೇ ಇರಲಿ. ಆ ಸೀರೆ ಹತ್ತಿರದಿಂದ ನೋಡಿ ದಡಿ ಯಾವುದು ಅಂತ ಗುರುತು ಹಿಡಿ, ಸಾಧ್ಯವಾದರೆ ಫೋಟೊ ತೆಗೆದುಕೋ. ಗೋಮಿ, ಪರಾಸಪೇಟ, ಗಾಡಿ ಅಂತ ನಮ್ಮಲ್ಲಿ ಹಳೇ ದಡಿಗಳಿವೆ. ದಡಿ ಅದೇ ಇರಲಿ, ಒಡಲಿನ ಬಣ್ಣ ಮಾತ್ರ ಬೇರೆ ಮಾಡು. ಗಾಢ ಬಣ್ಣ, ಸಣ್ಣ ಚೌಕಳಿ ಇಷ್ಟ ಅಂದ ಮೇಲೆ ದಾಳಿಂಬೆ ಬಣ್ಣದ್ದೋ ಬದನೆಕಾಯಿ ಬಣ್ಣದ್ದೋ ಸಣ್ಣ ಚೌಕಳಿಯದು ಕೇಳು. ಉಟ್ಟಾಗ ಅವರ ಅವ್ವನ ಸೀರೆಯ ಅಕ್ಕತಂಗಿ ಅನ್ನಿಸಬೇಕು, ಅಷ್ಟೇ.

ಒಡಲು ಸೂತಿನದೇ ಇರಲಿ. ಪೂರಾ ರೇಷ್ಮೆ ಕೊಟ್ಟರೆ ಲಗ್ನಕ್ಕೆ ಅಂತ ಎತ್ತಿಡುತ್ತಾರೆ. ಸೆರಗು ಮಾತ್ರ ಅಸಲಿ ರೇಷ್ಮೆಯದು ಕೇಳು, ಈಗ ಕೃತಕ ರೇಷ್ಮೆಯೇ ಜಾಸ್ತಿ ಬರುತ್ತದೆ.

ನಮ್ಮ ಇಳಕಲ್ ಸೀರೆಯ ಸೆರಗಿಗೆ ಟೋಪ ತೆನಿ ಅನ್ನುತ್ತಾರೆ. ಅದು ಹೇಗಿರುತ್ತದೆ ಅಂದರೆ ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ ಪಟ್ಟೆ. ಅದರಲ್ಲಿ ಹಣಿಗೆ, ಕೋಟೆ ಕೊಮ್ಮೆ, ಜೋಳದ ತೆನೆ ಇಂಥ ಚಿತ್ತಾರ ಬರುತ್ತವೆ. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆ. ಅಸಲಿ ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದೇ ಕೊಂಡಿ. ಇದನ್ನು ಮಾಡಬೇಕಾದರೆ ಪ್ರತಿ ಸೀರೆಗೂ ಬೇರೆ ಬೇರೆ ಹಾಸು ಹೂಡಬೇಕು, ಒಂದೇ ಉದ್ದ ಹಾಸಿನಲ್ಲಿ ಹತ್ತು ಸೀರೆ ನೇಯಲು ಆಗುವುದಿಲ್ಲ. ಕೆಲಸ ಬಹಳ. ನಮ್ಮ ಮನೆಗಳಲ್ಲಿ ಒಬ್ಬರು ಮಗ್ಗದ ಮೇಲಿದ್ದರೆ ಹೆಂಗಸರು, ಮಕ್ಕಳು ಎಲ್ಲರೂ ಹಿಂದಿನ ಕೆಲಸಕ್ಕೆ ಕೂರುತ್ತಾರೆ. ಆದರೂ ಒಂದು ಸೀರೆ ಇಳಿಯಲು ಹತ್ತಿರ ಹತ್ತಿರ ಒಂದು ವಾರ ಬೇಕು. ಅಂಗಡಿಯಲ್ಲಿ ಗುರುತಿಸುವುದು ಹೀಗೆ. ಸೆರಗು ಒಡಲಿಗೆ ಕೂಡುವ ಜಾಗದಲ್ಲಿ ಬೆರಳಾಡಿಸು, ಕುಣಿಕೆಗಳ ಸಾಲು ಕೈಗೆ ಸಿಗುತ್ತದೆ. ಇನ್ನೊಂದು, ಕೊಂಡಿ ಇದ್ದರೆ ಸೆರಗಿನ ಕೆಂಪು ಪೂರಾ ಕೆಂಪು. ಕೊಂಡಿ ಇಲ್ಲದ್ದರಲ್ಲಿ ಒಡಲಿನ ಎಳೆಯೇ ಸೆರಗಿಗೂ ಮುಂದುವರಿಯುತ್ತದೆ, ಹಾಗಾಗಿ ಕೆಂಪಿನೊಳಗೆ ಒಡಲಿನ ಬಣ್ಣ ಇಣುಕುತ್ತದೆ. ಬಿಸಿಲಿಗೆ ಹಿಡಿದು ನೋಡು, ಗೊತ್ತಾಗುತ್ತದೆ.

ಪವರ್‌ಲೂಮ್ ಸೀರೆ ಕಡಿಮೆಗೆ ಸಿಗುತ್ತದೆ. ಅದನ್ನೂ ನಮ್ಮವರೇ ಮಾಡುತ್ತಾರೆ, ನಾನು ಅದನ್ನು ಕೆಟ್ಟದ್ದು ಅನ್ನುವುದಿಲ್ಲ. ಆದರೆ ನಿನ್ನ ಕಾಕು ಅವ್ವ ಕೊಟ್ಟ ಕೊಂಡಿ ಸೀರೆಯನ್ನು ಇಷ್ಟು ವರ್ಷ ಉಟ್ಟವರು. ಕೈಗೆ ತಗೊಂಡ ಕೂಡಲೇ ಅವರಿಗೆ ತಿಳಿಯುತ್ತದೆ.

ಕಸೂತಿ ಬೇಡ. ನನಗೆ ಕಸೂತಿ ಬಹಳ ಇಷ್ಟ. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುವ ಹಾಗೆ ಹಾಕುವವರಿಗೆ ಕೈ ಮುಗಿಯಬೇಕು. ಆದರೆ ಎಳೆ ಎಣಿಸಿ ಹಾಕುವ ಕೆಲಸ ಅದು, ಒಂದು ತಿಂಗಳಲ್ಲಿ ಒಳ್ಳೆಯದು ಆಗುವುದಿಲ್ಲ, ನಿನ್ನ ದುಡ್ಡಿನಲ್ಲೂ ಆಗುವುದಿಲ್ಲ. ಮೇಲಾಗಿ ಕಸೂತಿ ಇದ್ದರೆ ಮತ್ತೆ ಎತ್ತಿಡುತ್ತಾರೆ. ಅದರ ಬದಲು ಕುಪ್ಪಸ ಹೊಲಿಸಲು ಒಂದು ಗುಳೇದಗುಡ್ಡದ ಖಣ ಸೇರಿಸು. ಖಣದ ಚಿತ್ತಾರಗಳಿಗೆ ಸೂಜಿ ಮಲ್ಲಿಗೆ, ಆನೆ ಹೆಜ್ಜೆ ಅಂತೆಲ್ಲ ಹೆಸರಿವೆ. ಯಾವುದು ಬೇಕು ಅಂತ ಕಾಕುವನ್ನೇ ಕೇಳಬಹುದು, ಖಣದ ಮಾತಾದರೆ ಸೀರೆಯ ಸುಳಿವು ಸಿಗುವುದಿಲ್ಲ.

ಹಳೇ ಸೀರೆಯ ಪಿಸಿದ ಸೆರಗನ್ನು ಹಾಗೇ ಬಿಡಬೇಡ. ನೀನು ಕೊಡುವ ಹೊಸದಕ್ಕಿಂತ ಅದೇ ಅವರಿಗೆ ದೊಡ್ಡದಾಗಬಹುದು. ಮತ್ತೆ ಮತ್ತೆ ರಫೂ ಹಾಕಿದರೆ ರೇಷ್ಮೆ ಎಳೆ ಇನ್ನಷ್ಟು ಹರಿಯುತ್ತದೆ. ಹಿಂಬದಿಗೆ ಅದೇ ಕೆಂಪಿನ ತೆಳು ಸೂತಿ ಬಟ್ಟೆ ಇಟ್ಟು, ಸಣ್ಣ ಕೈಹೊಲಿಗೆ ಹಾಕಿದರೆ ಭಾರ ಆ ಬಟ್ಟೆ ಹೊರುತ್ತದೆ. ಮಷಿನ್ ಹೊಲಿಗೆ ಬೇಡವೇ ಬೇಡ. ಸೀರೆ ಕೊಳ್ಳಲು ಇಳಕಲ್‌ಗೆ ಬರುತ್ತೀಯಲ್ಲ, ಕಾಕು ಒಪ್ಪಿದರೆ ಅದನ್ನೂ ತಗೊಂಡು ಬಾ. ಇಲ್ಲಿ ಆ ಕೆಲಸ ತಿಳಿದ ಹೆಂಗಸರಿದ್ದಾರೆ. ಕೌದಿಗೆ ಮಾತ್ರ ಈ ಸೀರೆ ಮುಟ್ಟಬಾರದು, ತಿಕೋಟಾದ ತಂಗಿ ಹೇಳಿದ್ದು ಒಳ್ಳೆ ವಿಚಾರವೇ, ಅದಕ್ಕೆ ಬೇರೆ ಸೂತಿ ಸೀರೆ ಕೇಳು.

ನವನಗರದವಳು:

ಅಕ್ಕಾರ, ಇವತ್ತು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ. ಉಡಿ ತುಂಬಿಸಿಕೊಳ್ಳಲು ಒಪ್ಪಲಿಲ್ಲ. "ಬ್ಯಾಡವಾ, ಮಂದಿ ಬಾಯಿಗೆ ಯಾಕ" ಅಂದರು. ಎರೆಯುವ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಡೆ ನೀರು ನಾನ ಕಾಸತೀನಿ, ಗೀಸರ್ ನೀರು ಬ್ಯಾಡ" ಅಂದರು. ಅಂದರೆ ಒಪ್ಪಿದ ಹಾಗೆ.

ಹಳೇ ಸೀರೆ ಕೊಡಲು ಮಾತ್ರ ಮನಸ್ಸು ಮಾಡಲಿಲ್ಲ. ತಾವೇ ಜೊತೆಗೆ ಬರುತ್ತಾರಂತೆ, ಸೀರೆ ಕೈಯಲ್ಲೇ ಹಿಡಿದುಕೊಂಡು. ಹೊಸ ಸೀರೆಯ ವಿಷಯ ಅವರಿಗೆ ತಿಳಿಯದ ಹಾಗೆ ಏನು ಮಾಡಲಿ?

ಮಗ್ಗದ ಮನೆ, ಇಳಕಲ್:

ಕರೆದುಕೊಂಡೇ ಬಾ. ಕಮತಗಿ, ಅಮೀನಗಡ, ಹುನಗುಂದದ ಮೇಲೆ ಬರುವ ಬಸ್ಸು ಹಿಡಿಯಿರಿ. ಅಮೀನಗಡದಲ್ಲಿ ಬಸ್ಸು ನಿಂತರೆ ಜವಳಕ್ಕೆ ಕರದಂಟು ಅಲ್ಲೇ ಕಟ್ಟಿಸಿಕೋ. ಬೆಳಗಾವಿ ಕುಂದಾ ರುಚಿಯೇ, ಆದರೆ ಹಾಲಿನದು, ಈ ಸೆಕೆಗೆ ಬೇಗ ಕೆಡುತ್ತದೆ. ಕರದಂಟು ದಿನಗಟ್ಟಲೆ ಇರುತ್ತದೆ.

ನಿನ್ನ ಸೀರೆಯ ದಡಿ, ಬಣ್ಣ ಮೊದಲೇ ನನಗೆ ತಿಳಿಸು. ಈ ವಾರವೇ ಹಾಸು ಹೂಡಿದರೆ ಜವಳಕ್ಕೆ ಮೊದಲು ಇಳಿಯುತ್ತದೆ. ನೀವು ಬಂದಾಗ ಕಾಕುವನ್ನು ನಾನು ಒಳಗೆ ಮಗ್ಗ ತೋರಿಸಲು ಕರೆದುಕೊಂಡು ಹೋಗುತ್ತೇನೆ. ಅಷ್ಟರಲ್ಲಿ ನಿನ್ನದು ಕಟ್ಟಿ ಚೀಲದೊಳಗೆ ಹಾಕಿಟ್ಟಿರುತ್ತಾರೆ. ಮೊದಲೆರಡು ಸಲ ಬೇರೆಯಾಗಿ ತಣ್ಣೀರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಲು ಹೇಳು. ಕೆಂಪು ಸೆರಗನ್ನು ಒದ್ದೆ ಇದ್ದಾಗ ಒಡಲಿನ ಮೇಲೆ ಮಡಚಿ ಇಡಬಾರದು, ಬಣ್ಣ ಹತ್ತುತ್ತದೆ. ಕಾಕುಗೆ ಇದು ಗೊತ್ತೇ ಇರುತ್ತದೆ, ನಿನಗಾಗಿ ಬರೆದೆ.